ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ: ಸೆರೆಬ್ರಲ್ ಪಾಲ್ಸಿಯುಳ್ಳ ವಯಸ್ಕರ ಚಲನೆಯೂ ಮನೆತನದ ಲೆಕ್ಕವೂ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ಭಾಗದ ವ್ಯಾಪಾರಸ್ಥ ಕುಟುಂಬಗಳಲ್ಲಿ ಇಂದಿಗೂ ಮುಂದೆ ಅಂಗಡಿ, ಹಿಂದೆ ಮನೆ ಎಂಬ ವ್ಯವಸ್ಥೆ ಸಾಮಾನ್ಯ. ಇಂತಹ ಮನೆಗಳಲ್ಲಿ ಹುಟ್ಟಿನಿಂದಲೇ ಕೈಕಾಲುಗಳ ಬಿಗಿತಕ್ಕೆ ಒಳಗಾದ ಮಗನೋ ಮಗಳೋ ಇದ್ದರೆ, ಆ ವ್ಯಕ್ತಿಗಾಗಿ ಆಗುವ ವೆಚ್ಚಕ್ಕೆ ಖಾತೆ ಪುಸ್ತಕದಲ್ಲಿ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಅದು ಗಲ್ಲಾಪೆಟ್ಟಿಗೆಯಿಂದ ಆಗಾಗ ಹೊರಹೋಗುವ ಹಣ. ಮಗು ಚಿಕ್ಕದಿದ್ದಾಗ ಆಸ್ಪತ್ರೆಗಳ ಓಡಾಟ ಬಿರುಸಾಗಿರುತ್ತದೆ. ಹದಿನೆಂಟು ದಾಟಿದ ಮೇಲೆ ಮಕ್ಕಳ ವಿಭಾಗದ ಬಾಗಿಲು ಮುಚ್ಚುತ್ತದೆ, ವಯಸ್ಕರ ವಿಭಾಗದಲ್ಲಿ ಈ ಸ್ಥಿತಿಯನ್ನು ನೋಡಿಕೊಳ್ಳುವವರು ವಿರಳ. ಕುಟುಂಬವೂ "ಇನ್ನೇನಿದೆ" ಎಂದು ಸುಮ್ಮನಾಗುತ್ತದೆ.

ಈಚಿನ ವರ್ಷಗಳಲ್ಲಿ ಬೆನ್ನುಹುರಿಗೆ ಮಿತವಾದ ವಿದ್ಯುತ್ ಪ್ರಚೋದನೆ ನೀಡಿ ಚಲನೆಯನ್ನು ಉತ್ತಮಪಡಿಸುವ ಚಿಕಿತ್ಸೆಯ ಸುದ್ದಿ ವೃತ್ತಪತ್ರಿಕೆಗಳಲ್ಲಿಯೂ ಮೊಬೈಲ್ ಫೋನುಗಳಲ್ಲಿಯೂ ಹರಿದಾಡುತ್ತಿರುವುದರಿಂದ, ಸುಮ್ಮನಾಗಿದ್ದ ಕುಟುಂಬಗಳಲ್ಲಿ ಮತ್ತೆ ಆಸೆ ಚಿಗುರಿದೆ. ಆಸೆ ಇದ್ದಲ್ಲಿ ಅದನ್ನು ಮಾರುವವರೂ ಇರುತ್ತಾರೆ. ಈ ಚಿಕಿತ್ಸೆ ಏನು, ಇದುವರೆಗೆ ಸಿದ್ಧಪಟ್ಟಿರುವುದೆಷ್ಟು, ಒಂದು ಕುಟುಂಬವು ಯಾವ ಖರ್ಚಿಗೆ ಕೈಹಾಕಬಹುದು, ಕಾನೂನು ಮತ್ತು ತೆರಿಗೆಯಲ್ಲಿ ಈಗಾಗಲೇ ದೊರೆಯುವ ಸೌಲಭ್ಯಗಳಾವುವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸ್ಥಿತಿಯ ಸ್ವರೂಪ

ಸೆರೆಬ್ರಲ್ ಪಾಲ್ಸಿ ಒಂದೇ ರೋಗದ ಹೆಸರಲ್ಲ. ಸರ್ಕಾರಿ ಕಾಗದಪತ್ರಗಳಲ್ಲಿ ಇದನ್ನು ಮಿದುಳಿನ ಪಾರ್ಶ್ವವಾಯು ಎಂದು ಬರೆಯುವುದುಂಟು. ಗರ್ಭದಲ್ಲಿರುವಾಗ, ಹೆರಿಗೆಯ ವೇಳೆಯಲ್ಲಿ ಅಥವಾ ಶೈಶವದಲ್ಲಿ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಚಲನೆ ಮತ್ತು ದೇಹಭಂಗಿಯ ಮೇಲೆ ಉಳಿದುಬಿಡುವ ತೊಡಕುಗಳೆಲ್ಲವನ್ನೂ ಒಟ್ಟಾಗಿ ಹೀಗೆ ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ ಇದನ್ನು ಮೊದಲು ವಿವರವಾಗಿ ದಾಖಲಿಸಿದ್ದರಿಂದ ಬಹುಕಾಲ ಇದು "ಲಿಟ್ಲ್ ಕಾಯಿಲೆ" ಎನಿಸಿಕೊಂಡಿತ್ತು. ತೀವ್ರತೆಯನ್ನು ಅಳೆಯಲು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1997ರಲ್ಲಿ ಪ್ರಕಟವಾದ ಐದು ಹಂತಗಳ ಶ್ರೇಣಿಯೊಂದಿದೆ. ಮೊದಲ ಹಂತದವರು ಆಧಾರವಿಲ್ಲದೆ ನಡೆಯುತ್ತಾರೆ. ಐದನೆಯ ಹಂತದವರಿಗೆ ತಲೆ ನಿಲ್ಲಿಸುವುದೇ ಕಷ್ಟ. ವೈದ್ಯರಲ್ಲಿಗೆ ಹೋದಾಗ ಈ ಹಂತದ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ಕುಟುಂಬಕ್ಕೆ ಉಪಯುಕ್ತ. ಮುಂದೆ ಯಾವ ಚಿಕಿತ್ಸೆಯ ಫಲಿತಾಂಶವನ್ನು ಓದಿದರೂ ಅದು ಯಾವ ಹಂತದವರಲ್ಲಿ ಕಂಡುಬಂದದ್ದು ಎಂಬುದೇ ಮೊದಲ ಪ್ರಶ್ನೆ.

ಮಿದುಳಿಗೆ ಆದ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ದೇಹ ಸುಮ್ಮನಿರುವುದಿಲ್ಲ. ವರ್ಷಗಟ್ಟಲೆ ಬಿಗಿದುಕೊಂಡ ಸ್ನಾಯುಗಳು ಮೊಟಕಾಗುತ್ತವೆ, ಕೀಲುಗಳು ಬೇಗ ಸವೆಯುತ್ತವೆ, ನೋವು ಹಾಗೂ ದಣಿವು ಹೆಚ್ಚುತ್ತವೆ. ನಡೆಯಬಲ್ಲ ವಯಸ್ಕರಲ್ಲಿ ಕಾಲುಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿಯ ನಡಿಗೆ ಕಾಲಕ್ರಮೇಣ ಕುಂದುವುದನ್ನು ಅಧ್ಯಯನಗಳು ಗುರುತಿಸಿವೆ. ಇಪ್ಪತ್ತರ ಹರೆಯದಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದವರು ಮೂವತ್ತೈದಕ್ಕೆ ಕುಳಿತಲ್ಲೇ ಉಳಿಯುವುದು ಹಣೆಬರಹವಲ್ಲ, ಗಮನ ಬೇಡುವ ಬದಲಾವಣೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕತ್ತು ತಾನಾಗಿಯೇ ತಿರುಚಿಕೊಳ್ಳುವ ಬಗೆಯ ಸೆರೆಬ್ರಲ್ ಪಾಲ್ಸಿಯಲ್ಲಿ ಕುತ್ತಿಗೆಯ ಮೂಳೆಗಳು ಸವೆದು ಬೆನ್ನುಹುರಿಯನ್ನು ಒತ್ತುವ ಸಂಭವವಿದೆ. ಕೆಲವೇ ತಿಂಗಳಲ್ಲಿ ಕೈಯ ಹಿಡಿತ ತಪ್ಪುವುದು, ಕಾಲು ಇನ್ನಷ್ಟು ಬಿಗಿಯುವುದು, ಮೂತ್ರದ ಹತೋಟಿ ಹೋಗುವುದು ಕಂಡುಬಂದರೆ "ಹಳೆಯ ತೊಂದರೆಯೇ ಹೆಚ್ಚಾಗಿದೆ" ಎಂದು ಬಿಡಬಾರದು. ಎಂ.ಆರ್.ಐ. ಪರೀಕ್ಷೆಯಿಂದ ತಿಳಿಯುವ, ಸಕಾಲಕ್ಕೆ ಶಸ್ತ್ರಚಿಕಿತ್ಸೆ ಮಾಡಬಹುದಾದ ತೊಂದರೆ ಅದಾಗಿರಬಹುದು.

ಹಾನಿ ಮಿದುಳಿಗೆ, ಚಿಕಿತ್ಸೆ ಬೆನ್ನಿಗೆ ಏಕೆ?

ಬೆನ್ನುಹುರಿಯು ಮಿದುಳಿನ ಆಜ್ಞೆಯನ್ನು ಕಾಲಿಗೆ ಒಯ್ಯುವ ತಂತಿ ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹೆಜ್ಜೆ ಹಾಕುವ ಲಯವನ್ನು ಹುಟ್ಟಿಸುವ ನರಜಾಲವು ಬೆನ್ನುಹುರಿಯಲ್ಲಿಯೇ ಇದೆ. 1911ರಷ್ಟು ಹಿಂದೆಯೇ ಬ್ರಿಟನ್ನಿನ ಗ್ರಹಾಂ ಬ್ರೌನ್ ಪ್ರಾಣಿಗಳಲ್ಲಿ ಇದನ್ನು ತೋರಿಸಿದ್ದರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಮಿದುಳು ಪ್ರಧಾನ ಕಚೇರಿ, ಬೆನ್ನುಹುರಿ ಬಹಳಷ್ಟು ದೈನಂದಿನ ವ್ಯವಹಾರವನ್ನು ತಾನೇ ನಿಭಾಯಿಸುವ ಶಾಖೆ. ಸೆರೆಬ್ರಲ್ ಪಾಲ್ಸಿಯಲ್ಲಿ ಪ್ರಧಾನ ಕಚೇರಿಯಿಂದ ಬರುವ ಸೂಚನೆಗಳು ಕ್ಷೀಣ ಹಾಗೂ ಅಸ್ಪಷ್ಟ. ಹತೋಟಿ ತಪ್ಪಿದ ಶಾಖೆಯು ಚಿಕ್ಕ ಸ್ಪರ್ಶಕ್ಕೂ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಮೊಣಕಾಲನ್ನು ಮಡಚುವ ಸ್ನಾಯುವೂ ಚಾಚುವ ಸ್ನಾಯುವೂ ಸರದಿಯಂತೆ ಕೆಲಸ ಮಾಡುವ ಬದಲು ಏಕಕಾಲಕ್ಕೆ ಬಿಗಿಯುತ್ತವೆ. ಕಾಲು ಮರಗಟ್ಟಿದಂತಾಗುವುದು ಹೀಗೆ.

ಈ ಬಿಗಿತವನ್ನು ಇಳಿಸುವ ಹಳೆಯ ಮಾರ್ಗಗಳೂ ಬಹುಪಾಲು ಬೆನ್ನುಹುರಿಯ ಸುತ್ತಲೇ ಇವೆ. ಅತಿಯಾಗಿ ಕೆರಳುವ ನರಬೇರುಗಳ ಎಳೆಗಳನ್ನು ಆರಿಸಿ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1980ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದ ವಾರ್ವಿಕ್ ಪೀಕಾಕ್ ಪರಿಷ್ಕರಿಸಿದರು. ಅದು ಮುಖ್ಯವಾಗಿ ಮಕ್ಕಳಿಗೆ ಮಾಡುವಂಥದು, ಕತ್ತರಿಸಿದ ಎಳೆ ಮರಳಿ ಬಾರದು. ಹೊಟ್ಟೆಯ ಚರ್ಮದಡಿ ಪಂಪ್ ಇರಿಸಿ ಬ್ಯಾಕ್ಲೊಫೆನ್ ಔಷಧವನ್ನು ನೇರವಾಗಿ ಬೆನ್ನುಹುರಿಯ ದ್ರವಕ್ಕೆ ಹರಿಸುವ ಪದ್ಧತಿಗೆ ಅಮೆರಿಕದಲ್ಲಿ 1996ರಿಂದ ಮಿದುಳಿನ ಮೂಲದ ಬಿಗಿತಕ್ಕೂ ಅನುಮತಿ ಇದೆ; ಪಂಪ್ ದುಬಾರಿ, ಕೆಲವು ತಿಂಗಳಿಗೊಮ್ಮೆ ಔಷಧ ತುಂಬಿಸಲೇಬೇಕು. ಸ್ನಾಯುವಿಗೆ ಚುಚ್ಚುವ ಬೊಟುಲಿನಮ್ ಮದ್ದಿನ ಪರಿಣಾಮ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ.

ವಿದ್ಯುತ್ ಪ್ರಚೋದನೆಯ ಉದ್ದೇಶ ಇವುಗಳಿಗಿಂತ ಭಿನ್ನ. ಅದು ಏನನ್ನೂ ಕತ್ತರಿಸುವುದಿಲ್ಲ, ಸ್ನಾಯುವನ್ನು ಸಡಿಲಗೊಳಿಸಿ ದುರ್ಬಲಗೊಳಿಸುವುದೂ ಇಲ್ಲ. ಬೆನ್ನಿನ ಮಧ್ಯಭಾಗದ ಕೆಳಗೆ, ಪಕ್ಕೆಲುಬುಗಳು ಮುಗಿದು ಸೊಂಟ ಆರಂಭವಾಗುವ ಎಡೆಯಲ್ಲಿ, ಅಂಟುವ ವಿದ್ಯುತ್ ಪಟ್ಟಿಯನ್ನು ಇರಿಸಿ, ಮರಳುದಾರಿಗೆ ಸೊಂಟದ ಮೂಳೆಗಳ ಮೇಲೆ ಇನ್ನೆರಡು ಪಟ್ಟಿ ಹಚ್ಚುತ್ತಾರೆ. ಹರಿಯುವ ಪ್ರವಾಹವು ಕಾಲಿನಿಂದ ಬೆನ್ನುಹುರಿಗೆ ಸುದ್ದಿ ತರುವ ದಪ್ಪ ನರತಂತುಗಳನ್ನು ಎಚ್ಚರಗೊಳಿಸುತ್ತದೆ. ಪ್ರಮಾಣವು ಕಾಲನ್ನು ತಾನಾಗಿ ಎತ್ತಿಸುವಷ್ಟಿರುವುದಿಲ್ಲ, ಅದಕ್ಕಿಂತ ಕಡಿಮೆ. ಇದರಿಂದ ನರಜಾಲವು ಸ್ಪಂದಿಸಲು ಸಿದ್ಧವಾದ ಸ್ಥಿತಿಗೆ ಬರುತ್ತದೆ, ಮಿದುಳಿನಿಂದ ಬರುವ ಕ್ಷೀಣ ಸೂಚನೆಗೂ ಬೆಲೆ ದೊರೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಹಲವು ಉಪಕರಣಗಳಲ್ಲಿ ಸೆಕೆಂಡಿಗೆ ಸುಮಾರು 30 ಮಿಡಿತಗಳಿದ್ದು, ಪ್ರತಿಯೊಂದು ಮಿಡಿತದ ಒಳಗೆ 10,000 ಹರ್ಟ್ಜ್‌ನ ಅಲೆಯನ್ನು ತುಂಬಲಾಗಿರುತ್ತದೆ. ಚರ್ಮಕ್ಕೆ ಉರಿ ತಟ್ಟದಂತೆ ಹೆಚ್ಚು ಪ್ರವಾಹವನ್ನು ಒಳಗೆ ಕಳುಹಿಸಲು ಈ ಉಪಾಯ.

ಆದರೆ ಪಟ್ಟಿ ಅಂಟಿಸಿಕೊಂಡು ಮಂಚದ ಮೇಲೆ ಮಲಗಿದ್ದರೆ ಫಲವಿಲ್ಲ. ಪ್ರಚೋದನೆ ನಡೆಯುತ್ತಿರುವಾಗಲೇ ನಿಲ್ಲುವ, ಕೂರುವ, ಹೆಜ್ಜೆ ಹಾಕುವ ಅಭ್ಯಾಸವನ್ನು ಫಿಜಿಯೊಥೆರಪಿಸ್ಟರ ಮೇಲ್ವಿಚಾರಣೆಯಲ್ಲಿ ನಡೆಸಬೇಕು. ಯಂತ್ರವು ಸಹಾಯಕ, ದುಡಿಮೆ ಮನುಷ್ಯನದೇ.

ಇದುವರೆಗಿನ ಪುರಾವೆ

ಈ ವಿದ್ಯೆ ಆರಂಭವಾದದ್ದು ನೋವಿನ ಚಿಕಿತ್ಸೆಯಾಗಿ. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಬೆನ್ನುಹುರಿಯ ಮೇಲೆ ವಿದ್ಯುದಾಗ್ರವಿರಿಸಿ ನೋವನ್ನು ತಗ್ಗಿಸಿದರು. 1980ರ ದಶಕದಲ್ಲಿ ನ್ಯೂಯಾರ್ಕಿನ ಜೋಸೆಫ್ ವಾಲ್ಟ್ಜ್ ಸೆರೆಬ್ರಲ್ ಪಾಲ್ಸಿಯುಳ್ಳವರ ಕುತ್ತಿಗೆಯ ಭಾಗದಲ್ಲಿ ವಿದ್ಯುದಾಗ್ರಗಳನ್ನು ಅಳವಡಿಸಿ ಬಹಳ ಉತ್ತೇಜಕ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಕಟ್ಟುನಿಟ್ಟಿನ ಪರೀಕ್ಷೆಗೆ ಒಡ್ಡಿದಾಗ ಆ ಭರವಸೆ ನಿಲ್ಲಲಿಲ್ಲ, ಪದ್ಧತಿಯು ಮೂಲೆಗೆ ಸರಿಯಿತು. ಇಂದು ಹೊಸ ಉತ್ಸಾಹದಿಂದ ಮಾತನಾಡುವವರು ಈ ಹಿಂದಿನ ಅಧ್ಯಾಯವನ್ನು ಹೇಳುವುದು ಕಡಿಮೆ.

ಹೊಸ ಅಧ್ಯಾಯ ತೆರೆದದ್ದು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಂದ. ಅಮೆರಿಕದ ಸೂಸನ್ ಹಾರ್ಕೆಮಾ ಹಾಗೂ ರೆಜಿ ಎಡ್ಜರ್ಟನ್ ತಂಡವು 2011ರಲ್ಲಿ, ಸ್ವಿಟ್ಜರ್ಲೆಂಡಿನ ಗ್ರೆಗ್ವಾರ್ ಕೂರ್ಟಿನ್ ತಂಡವು 2018ರಲ್ಲಿ ಪ್ರಕಟಿಸಿದ ವರದಿಗಳು ಜಗತ್ತಿನ ಗಮನ ಸೆಳೆದವು. ಅಲ್ಲಿ ವಿದ್ಯುದಾಗ್ರಗಳನ್ನು ಶಸ್ತ್ರಚಿಕಿತ್ಸೆಯ ಮೂಲಕ ಒಳಗೆ ಇರಿಸಲಾಗಿತ್ತು. ಚರ್ಮದ ಮೇಲಿನಿಂದಲೇ ಪ್ರಚೋದಿಸುವ ಆನ್‌ವರ್ಡ್ ಮೆಡಿಕಲ್ ಕಂಪನಿಯ ಉಪಕರಣವನ್ನು ಕತ್ತಿನ ಬೆನ್ನುಹುರಿಗೆ ಪೆಟ್ಟಾದ 60 ಮಂದಿಯಲ್ಲಿ ಪರೀಕ್ಷಿಸಿ, ಶೇ. 72ರಷ್ಟು ಮಂದಿಯಲ್ಲಿ ಕೈಯ ಶಕ್ತಿ ಮತ್ತು ಬಳಕೆ ಸುಧಾರಿಸಿದ್ದನ್ನು 2024ರ ಮೇ ತಿಂಗಳಲ್ಲಿ ವರದಿ ಮಾಡಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಉಪಕರಣದ ಮಾರಾಟಕ್ಕೆ ಅನುಮತಿ ನೀಡಿತು. ಈ ಅನುಮತಿ ಪೆಟ್ಟಾದವರ ಕೈ ಚಲನೆಗೆ ಮಾತ್ರ ಸಂಬಂಧಿಸಿದ್ದು, ಸೆರೆಬ್ರಲ್ ಪಾಲ್ಸಿಗೆ ಅಲ್ಲ. ಜಾಹೀರಾತುಗಳಲ್ಲಿ ಈ ಎರಡನ್ನೂ ಬೆರೆಸಿ ಹೇಳುವ ಸಾಧ್ಯತೆ ಇರುವುದರಿಂದ ವ್ಯತ್ಯಾಸವನ್ನು ನೆನಪಿನಲ್ಲಿಡುವುದು ಒಳಿತು.

ಸೆರೆಬ್ರಲ್ ಪಾಲ್ಸಿಯ ವಿಷಯದಲ್ಲಿ, ಮಾಸ್ಕೋದ ಸಂಶೋಧಕರು ಮಕ್ಕಳಲ್ಲಿ ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. 2021ರಲ್ಲಿ ಪರಾಗ್ ಗಾಡ್, ಎಡ್ಜರ್ಟನ್ ಮತ್ತು ಸಂಗಡಿಗರು 2ರಿಂದ 50 ವರ್ಷದವರೆಗಿನ 12 ಮಂದಿಯನ್ನು ಪರೀಕ್ಷಿಸಿ, 11 ಮಂದಿಯಲ್ಲಿ ಪ್ರಚೋದನೆ ನಡೆಯುತ್ತಿರುವಾಗಲೇ ಭಂಗಿ ಹಾಗೂ ಹೆಜ್ಜೆ ಉತ್ತಮಗೊಂಡದ್ದನ್ನು ದಾಖಲಿಸಿದರು. ವಯಸ್ಕರ ದೃಷ್ಟಿಯಿಂದ ಇದು ಮುಖ್ಯ ವರದಿ: ದಶಕಗಳ ನಂತರವೂ ನರಜಾಲವು ಬದಲಾಗಬಲ್ಲದು ಎಂಬ ಸೂಚನೆ ಅದರಲ್ಲಿದೆ. 2022ರಲ್ಲಿ ಇದೇ ತಂಡವು 16 ಮಕ್ಕಳಿಗೆ 8 ವಾರಗಳ ಪ್ರಚೋದನೆ ಹಾಗೂ ಅಭ್ಯಾಸ ನೀಡಿ ಚಲನಶಕ್ತಿಯ ಅಂಕಗಳು ಏರಿದ್ದನ್ನು ತೋರಿಸಿತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಅಭ್ಯಾಸದ ಜೊತೆಗೆ ಪ್ರಚೋದನೆಯೂ ಇದ್ದಾಗ ಬಿಗಿತ ಇಳಿದದ್ದು ಕಂಡಿತು.

ಲೆಕ್ಕಪರಿಶೋಧನೆಯ ಕಣ್ಣಿನಿಂದ ಇವನ್ನು ನೋಡಿದರೆ ಮೂರು ಟಿಪ್ಪಣಿಗಳು ಅನಿವಾರ್ಯವಾಗುತ್ತವೆ. ಸಂಖ್ಯೆ ಬಹಳ ಚಿಕ್ಕದು. ಪ್ರಚೋದನೆಯಿಲ್ಲದೆ ಅಷ್ಟೇ ಶ್ರಮದ ಅಭ್ಯಾಸವನ್ನು ಪಡೆದ ಹೋಲಿಕೆ ಗುಂಪು ಇಲ್ಲದಿದ್ದಾಗ, ಲಾಭವು ಯಂತ್ರದಿಂದ ಬಂತೋ ಎಂಟು ವಾರಗಳ ಶ್ರದ್ಧೆಯ ವ್ಯಾಯಾಮದಿಂದ ಬಂತೋ ಹೇಳಲಾಗದು. ಮೂರನೆಯದಾಗಿ, 2021 ಮತ್ತು 2022ರ ವರದಿಗಳ ಪ್ರಮುಖ ಲೇಖಕರೇ ಉಪಕರಣ ತಯಾರಿಸುವ ಸ್ಪೈನ್‌ಎಕ್ಸ್ ಕಂಪನಿಯ ಸ್ಥಾಪಕರು. ಇದರಲ್ಲಿ ದೋಷವೇನಿಲ್ಲ, ಆದರೆ ಸಂಬಂಧಿತ ಪಕ್ಷಗಳ ವ್ಯವಹಾರವನ್ನು ಯಾವ ಲೆಕ್ಕಪರಿಶೋಧಕನೂ ಎರಡನೆಯ ಸಲ ನೋಡದೆ ಬಿಡುವುದಿಲ್ಲ. ಒಟ್ಟಿನಲ್ಲಿ ಇದು ಮಾನ್ಯ ಹುಂಡಿಯಾಗುವ ಮೊದಲಿನ ಹಂತ, ಸಾಲ ಮಾಡಿ ಕೊಳ್ಳುವ ಸರಕಲ್ಲ.

ಹಾಗೆಂದು ನಿರೀಕ್ಷೆಯೇ ಸಲ್ಲದೆಂದಲ್ಲ. ದೊರೆಯಬಹುದಾದ ಲಾಭದ ಸ್ವರೂಪವನ್ನು ಅರಿತಿರಬೇಕು, ಅಷ್ಟೆ. ಗಾಲಿಕುರ್ಚಿಯನ್ನು ಮೂಲೆಗಿಟ್ಟು ಎದ್ದು ನಡೆಯುವುದು ವಯಸ್ಕರಲ್ಲಿ ಗುರಿಯಲ್ಲ. ಆಧಾರವಿಲ್ಲದೆ ಬೆನ್ನು ನೆಟ್ಟಗೆ ಕೂರುವುದು, ಕುರ್ಚಿಯಿಂದ ಮಂಚಕ್ಕೆ ಒಬ್ಬರ ಸಹಾಯದಲ್ಲೇ ದಾಟುವುದು, ರಾತ್ರಿ ಸೆಳೆತವಿಲ್ಲದೆ ನಿದ್ರಿಸುವುದು ಇವು ಗುರಿಗಳು. ರಾವಂದೂರಿನಂತಹ ಹೋಬಳಿ ಕೇಂದ್ರದಲ್ಲಿ ಗೊಬ್ಬರದ ಅಂಗಡಿ ನಡೆಸುವ ಕುಟುಂಬವೊಂದನ್ನು ಊಹಿಸಿಕೊಂಡರೆ, ಮನೆಯ ಮಗ ಗಲ್ಲಾದ ಮುಂದೆ ಒಂದು ಗಂಟೆಯ ಬದಲು ಮೂರು ಗಂಟೆ ಕುಳಿತು ಬಿಲ್ಲು ಬರೆಯಬಲ್ಲನಾದರೆ, ಅಷ್ಟು ಹೊತ್ತು ತಂದೆಗೆ ಕಂಪಲಾಪುರದ ತಂಬಾಕು ಹರಾಜು ಕಟ್ಟೆಗೆ ಹೋಗಿ ಬಾಕಿ ವಸೂಲಿ ಮಾಡಲು ಬಿಡುವು ದೊರೆಯುತ್ತದೆ. ಆ ಎರಡು ಗಂಟೆಗಳ ಬೆಲೆ ಮನೆಯವರಿಗೇ ಗೊತ್ತು.

ಖರ್ಚಿಗೆ ಮುನ್ನ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿದ್ದು, 2017ರ ವೈದ್ಯಕೀಯ ಉಪಕರಣಗಳ ನಿಯಮಾವಳಿಯಂತೆ ಆಮದಿಗೂ ಮಾರಾಟಕ್ಕೂ ಕೇಂದ್ರ ನಿಯಂತ್ರಣವಿದೆ. ಈ ಚಿಕಿತ್ಸೆ ನೀಡುವುದಾಗಿ ಹೇಳುವ ಕೇಂದ್ರದಲ್ಲಿ ಉಪಕರಣದ ಪರವಾನಗಿಯನ್ನು ಕೇಳಬೇಕು. ಅದು ಪ್ರಯೋಗವಾಗಿದ್ದರೆ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆಂದು ಹೇಳಿ ರೋಗಿಯಿಂದಲೇ ದೊಡ್ಡ ಮೊತ್ತ ವಸೂಲು ಮಾಡುವುದು ಸಂಶಯಕ್ಕೆ ಸಾಕಷ್ಟು ಕಾರಣ. ನೋವು ನಿವಾರಣೆಗೆ ಬಳಸುವ ಟೆನ್ಸ್ ಯಂತ್ರವನ್ನು ಬೆನ್ನಿಗೆ ಹಚ್ಚಿ ಇದೇ ಆ ಚಿಕಿತ್ಸೆ ಎನ್ನುವವರೂ ಬರಬಹುದು. ಎರಡರ ಪಟ್ಟಿಗಳು ನೋಡಲು ಒಂದೇ ಬಗೆ, ಉದ್ದೇಶ ಬೇರೆ. ಹೃದಯದಲ್ಲಿ ಪೇಸ್‌ಮೇಕರ್ ಇರುವವರು, ಬೆನ್ನಿನಲ್ಲಿ ಲೋಹದ ಸರಳು ಅಥವಾ ಔಷಧದ ಪಂಪ್ ಇರುವವರು, ಗರ್ಭಿಣಿಯರು, ಮೂರ್ಛೆರೋಗ ಹತೋಟಿಗೆ ಬಾರದವರು ತಜ್ಞರ ಸ್ಪಷ್ಟ ಅನುಮತಿಯಿಲ್ಲದೆ ಇದಕ್ಕೆ ಒಳಪಡಬಾರದು.

ಇದೇ ಸಂದರ್ಭದಲ್ಲಿ ಸ್ಟೆಮ್ ಸೆಲ್ ಚುಚ್ಚುಮದ್ದಿನ ಬಗೆಗೂ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಕೆಲವು ರಕ್ತಸಂಬಂಧಿ ರೋಗಗಳಂತಹ ಮಾನ್ಯ ಬಳಕೆಗಳನ್ನು ಬಿಟ್ಟರೆ ಉಳಿದುದೆಲ್ಲ ಸಂಶೋಧನೆಯ ಹಂತದ್ದೇ. ಸೆರೆಬ್ರಲ್ ಪಾಲ್ಸಿಯೂ ಅದರಲ್ಲಿ ಸೇರಿದೆ. ಜಮೀನು ಮಾರಿ ಮಾಡಿಸುವಂಥದಲ್ಲ.

ಹಣಕ್ಕಿಂತ ದಿನಗಳ ಲೆಕ್ಕ ಹೆಚ್ಚು ಕಠಿಣ. ವಾರಕ್ಕೆ ಮೂರರಂತೆ 8 ವಾರವೆಂದರೆ 24 ದಿನಗಳ ಪ್ರಯಾಣ, ಜೊತೆಗೆ ಒಬ್ಬರ 24 ದಿನಗಳ ದುಡಿಮೆ. ಹರಾಜಿನ ತಿಂಗಳುಗಳಲ್ಲಿ ಯಾವ ಅಂಗಡಿಯೂ ಇದನ್ನು ಭರಿಸಲಾರದು. ಅಂತಹ ಅಭ್ಯಾಸವನ್ನು ವ್ಯಾಪಾರ ತಣ್ಣಗಿರುವ ಕಾಲಕ್ಕೆ ಗೊತ್ತುಪಡಿಸಿಕೊಳ್ಳುವುದು ಜಾಣತನ. ಸಾರಿಗೆ ನಿಗಮವು ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ರಿಯಾಯಿತಿ ಪಾಸು ನೀಡುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಜೊತೆಗೆ ಹೋಗುವ ತಾಯಿಗೋ ಅಕ್ಕನಿಗೋ ಟಿಕೆಟ್ ಇಲ್ಲ.

ಯಾವ ಹೊಸ ಚಿಕಿತ್ಸೆಗೂ ಮೊದಲು ಹಳೆಯ ಚಿಕಿತ್ಸೆ ಸರಿಯಾಗಿ ದೊರೆತಿದೆಯೇ ಎಂದು ನೋಡುವುದು ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಮೀಸಲಾದ ವಿಭಾಗವಿದೆ. ಇಂದಿರಾನಗರದಲ್ಲಿ 1980ರಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಕೆಲಸ ಮಾಡುತ್ತಿದೆ. ಮಾತಿನ ತೊಡಕಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯೂ, ವೈದ್ಯಕೀಯ ಸಲಹೆಗೆ ಕೆ.ಆರ್. ಆಸ್ಪತ್ರೆಯೂ ಹತ್ತಿರ. ಕೋಟೆ ಭಾಗದವರಿಗೆ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಆಸ್ಪತ್ರೆ ಇದೆ. ಇಲ್ಲಿಗೆ ಹೋಗಿ ಕಲಿತುಬಂದ ವ್ಯಾಯಾಮವನ್ನು ಮನೆಯಲ್ಲಿ ನಿತ್ಯ ಮಾಡಿಸುವುದಕ್ಕೆ ಬದಲಿಯಾಗಬಲ್ಲ ಯಂತ್ರ ಇನ್ನೂ ಬಂದಿಲ್ಲ.

ತೆರಿಗೆ ಮತ್ತು ಕಾನೂನಿನ ಸೌಲಭ್ಯ

ಮಾಲೀಕನ ಮಗನಿಗಾಗಿ ಕೊಂಡ ಉಪಕರಣವನ್ನು ಅಂಗಡಿಯ ಖರ್ಚಿಗೆ ಹಾಕುವ ಅಭ್ಯಾಸ ಕೆಲವೆಡೆ ಇದೆ. ಅದು ವೈಯಕ್ತಿಕ ವೆಚ್ಚ, ಡ್ರಾಯಿಂಗ್ಸ್ ಖಾತೆಗೆ ಹೋಗತಕ್ಕದ್ದು. ಇದಕ್ಕಾಗಿ ಇರುವ ಸರಿಯಾದ ದಾರಿ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 80ಡಿಡಿ. ಅವಲಂಬಿತ ಅಂಗವಿಕಲನಿಗಾಗಿ ವೆಚ್ಚ ಮಾಡಿದ್ದರೆ, ವೆಚ್ಚದ ಮೊತ್ತ ಎಷ್ಟೇ ಇರಲಿ, ಶೇ. 40 ಮತ್ತು ಮೇಲ್ಪಟ್ಟ ವೈಕಲ್ಯಕ್ಕೆ ರೂ. 75,000/-, ಶೇ. 80 ಮತ್ತು ಮೇಲ್ಪಟ್ಟದ್ದಕ್ಕೆ ರೂ. 1,25,000/- ಕಡಿತ ದೊರೆಯುತ್ತದೆ. ಅವಿಭಕ್ತ ಹಿಂದೂ ಕುಟುಂಬವೂ ತನ್ನ ಸದಸ್ಯನಿಗಾಗಿ ಇದನ್ನು ಪಡೆಯಬಹುದು. ಶೇ. 30ರ ತೆರಿಗೆ ದರದವರಿಗೆ ರೂ. 1,25,000/- ಕಡಿತದಿಂದ ಸೆಸ್ ಸೇರಿ ಉಳಿಯುವ ತೆರಿಗೆ ರೂ. 39,000/-. ವ್ಯಕ್ತಿಯು ತನ್ನ ಸ್ವಂತ ಆದಾಯದ ಮೇಲೆ ಕಲಂ 80ಯು ಅಡಿ ಇದೇ ಕಡಿತ ಪಡೆಯುತ್ತಿದ್ದರೆ ತಂದೆಗೆ ಅದು ಸಿಗದು. ನಿರ್ದಿಷ್ಟ ರೋಗಗಳ ಚಿಕಿತ್ಸೆಗೆ ಇರುವ ಕಲಂ 80ಡಿಡಿಬಿ ಅಡಿಯ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿ ಇಲ್ಲ. ಅನೇಕರು ಇಲ್ಲಿ ಎಡವುತ್ತಾರೆ.

ಈ ಕಡಿತಗಳು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. ವ್ಯಾಪಾರದ ಆದಾಯವುಳ್ಳವರು ಹೊಸ ಪದ್ಧತಿಯಿಂದ ಹೊರಬಂದರೆ ಮತ್ತೆ ಒಳಹೋಗಲು ಒಂದೇ ಅವಕಾಶ. ಆದುದರಿಂದ ಇದೊಂದೇ ಕಡಿತದ ಆಸೆಗೆ ಪದ್ಧತಿ ಬದಲಿಸದೆ ಎರಡೂ ಬಗೆಯಲ್ಲಿ ಲೆಕ್ಕ ಹಾಕಿಸಿ ನೋಡಬೇಕು. 2026ರ ಏಪ್ರಿಲ್ 1ರಿಂದ ಆರಂಭವಾಗುವ ತೆರಿಗೆ ವರ್ಷಕ್ಕೆ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ ಕಲಮುಗಳ ಸಂಖ್ಯೆಗಳು ಬೇರೆಯಾಗಿವೆ ಎಂಬುದೂ ಗಮನದಲ್ಲಿರಲಿ.

ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸವು 1999ರ ಕಾಯ್ದೆಯಡಿ ಸ್ಥಾಪಿತವಾದದ್ದು ಸೆರೆಬ್ರಲ್ ಪಾಲ್ಸಿ ಸೇರಿದಂತೆ ನಾಲ್ಕು ಬಗೆಯ ವೈಕಲ್ಯಗಳಿಗಾಗಿ. ಅದರ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ರೂ. 1 ಲಕ್ಷದವರೆಗೆ ರಕ್ಷಣೆ ಇದ್ದು, ಮೊದಲೇ ಇರುವ ಸ್ಥಿತಿಯೆಂದು ನಿರಾಕರಿಸುವುದಿಲ್ಲ, ಫಿಜಿಯೊಥೆರಪಿಯಂತಹ ನಿರಂತರ ಚಿಕಿತ್ಸೆಗೂ ನಿಗದಿತ ಮಿತಿಯೊಳಗೆ ಹಣ ಬರುತ್ತದೆ. ಖಾಸಗಿ ವಿಮೆಯ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳಿದವರು ಇದನ್ನು ವಿಚಾರಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆ. ಸೆರೆಬ್ರಲ್ ಪಾಲ್ಸಿ ಎಂದರೆ ಬುದ್ಧಿಯೂ ಕುಂದಿದೆ ಎಂದಲ್ಲ. ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಬುದ್ಧಿಶಕ್ತಿಗೆ ತೊಡಕಿರುವುದಿಲ್ಲ. ಮಾತು ತೊದಲುವ, ಕೈ ನಡುಗುವ ವ್ಯಕ್ತಿಯೂ ಸ್ವಸ್ಥ ಮನಸ್ಸಿನವನಾಗಿದ್ದರೆ ಕರಾರು ಮಾಡಿಕೊಳ್ಳಬಲ್ಲ, ಪಾಲುದಾರನಾಗಬಲ್ಲ, ಹೆಬ್ಬೆಟ್ಟಿನ ಗುರುತಿನಿಂದ ಪತ್ರಕ್ಕೆ ಒಪ್ಪಿಗೆ ಕೊಡಬಲ್ಲ. ಅಂಥವನನ್ನು ಪಾಲುಪತ್ರದಿಂದ ಹೊರಗಿಟ್ಟು "ಅಣ್ಣ ನೋಡಿಕೊಳ್ಳುತ್ತಾನೆ" ಎಂದು ಬಿಡುವುದು ಕಾನೂನಿಗೂ ನ್ಯಾಯಕ್ಕೂ ಸಲ್ಲದು. ನಿಜವಾಗಿಯೂ ನಿರ್ಧಾರ ಮಾಡಲಾಗದ ಸ್ಥಿತಿಯಿದ್ದರೆ, ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪೋಷಕತ್ವ ಪಡೆಯಬೇಕು.

ಇವೆಲ್ಲಕ್ಕೂ ಬೇಕಾದ ಮೂಲ ದಾಖಲೆ ವೈಕಲ್ಯ ಪ್ರಮಾಣಪತ್ರ ಹಾಗೂ ಯುಡಿಐಡಿ ಕಾರ್ಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ತೆರಿಗೆ ಕಡಿತಕ್ಕೆ 1961ರ ಕಾಯ್ದೆಯಡಿ ನಮೂನೆ 10-ಐಎಯಲ್ಲಿ ನರರೋಗ ತಜ್ಞರು ಅಥವಾ ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಸಹಿ ಮಾಡಿದ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕು. ಅದರಲ್ಲಿ ಅವಧಿ ನಮೂದಾಗಿದ್ದರೆ, ಮುಗಿಯುವ ದಿನಾಂಕವನ್ನು ಲೈಸೆನ್ಸ್ ನವೀಕರಣದ ದಿನಾಂಕದಂತೆಯೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ರಿಟರ್ನ್ ಸಲ್ಲಿಸುವ ಮೊದಲೇ ಹೊಸದನ್ನು ತರಿಸಿಕೊಳ್ಳಬೇಕಾಗುತ್ತದೆ.